ಮೀನು ಮುಟ್ಟದ ದಾರ

ಸದಾನಂದನ ಕಂಪನಿಯ ಸಾಹೇಬರು ವಿಲಾಯತಿಗೆ ಹಿಂತಿರುಗುವಾಗ ಮೇಜು ಕುರ್ಚಿಗಳನ್ನು ಮಾರಿದರು, ನಾಯಿಯನ್ನು ಜತೆಗೇ ಒಯ್ದರು, ಯಾರಿಗೂ ಬೇಡವಾದ ಒಂದು ಗಾಳದ ಕೋಲನ್ನು ಸದಾನಂದನಿಗೆ ಕೊಟ್ಟರು. ಅಷ್ಟು ವರ್ಷ ಅವರ ಕಾಗದಗಳನ್ನು ತಪ್ಪಿಲ್ಲದೆ ಟೈಪು ಮಾಡಿದ್ದಕ್ಕೆ ಅದು ಬಹುಮಾನ. ಜತೆಗೊಂದು ರೀಲು, ಒಂದು ಕೈಬಲೆ, ಒಳಗೆ ಹಸಿರು ಬಟ್ಟೆ ಅಂಟಿಸಿದ ಪುಟ್ಟ ತಗಡಿನ ಡಬ್ಬಿ. ಡಬ್ಬಿಯ ತುಂಬ ನೊಣಗಳು.

ನಿಜವಾದ ನೊಣಗಳಲ್ಲ. ಹಕ್ಕಿಯ ಪುಕ್ಕ, ಬಣ್ಣದ ನೂಲು ಸುತ್ತಿ ಕೊಕ್ಕೆಗೆ ಕಟ್ಟಿದ ನೊಣಗಳು. ಈ ಗಾಳಕ್ಕೆ ಎರೆಹುಳ, ಹಿಟ್ಟಿನ ಉಂಡೆ ಯಾವುದೂ ನಡೆಯುವುದಿಲ್ಲವಂತೆ. ಉದ್ದನೆಯ ರೇಷ್ಮೆ ದಾರವನ್ನು ತಲೆಯ ಮೇಲೆ ಹಿಂದಕ್ಕೂ ಮುಂದಕ್ಕೂ ಬೀಸಬೇಕು. ಕೊನೆಗೆ ನೊಣ ತಾನಾಗಿ ಬಂದು ನೀರಿನ ಮೇಲೆ ಕುಳಿತ ಹಾಗೆ ಅದನ್ನು ಇಳಿಸಬೇಕು. ಮೀನು ನಂಬಬೇಕು. ಇದರ ಹೆಸರು ಫ್ಲೈ ಫಿಶಿಂಗ್. ಇದು ಬೇಟೆಯಲ್ಲ, ಕಲೆ ಎಂದು ಸದಾನಂದ ಹೇಳಿದ. ಅವನ ತಂದೆ ಮಲ್ಪೆಯಲ್ಲಿ ಬಲೆ ಎಳೆಯುತ್ತಿದ್ದರು. ಅವರಿಗೆ ಈ ವ್ಯತ್ಯಾಸ ತಿಳಿಸುವ ಅವಕಾಶ ಯಾರಿಗೂ ಒದಗಿರಲಿಲ್ಲ.

ನಾವು ನಾಲ್ವರೂ ಕನ್ನಡ ರಾತ್ರಿ ಶಾಲೆಯ ಒಂದೇ ಬೆಂಚಿನಲ್ಲಿ ತೂಕಡಿಸಿ ಮೆಟ್ರಿಕ್ ಮುಗಿಸಿದವರು. ಸದಾನಂದ ಟೈಪಿಸ್ಟ್. ಕೊರಗಪ್ಪ ವಿಲೆ ಪಾರ್ಲೆಯ ಒಂದು ಹೋಟೆಲಿನ ಅಡುಗೆಮನೆಯಲ್ಲಿದ್ದ. ಪರಪ್ಪ ವಿಜಾಪುರದ ಕಡೆಯವನು, ಖಣದ ಬಟ್ಟೆಯ ವ್ಯಾಪಾರ. ನಾನು ಶಂಕ್ರೆಪ್ಪ, ಬೈಲಹೊಂಗಲದವನು, ಒಂದು ಗಿರಣಿಯ ಸಾಮಾನು ಕೋಠಿಯಲ್ಲಿ ಗುಮಾಸ್ತ. ವಡಾಲದ ಚಾಳಿನಲ್ಲಿ ನನ್ನದೂ ಅವ್ವನದೂ ಒಂದು ಕೋಣೆ.

ಎರಡು ತಿಂಗಳು ಸದಾನಂದ ಮಾಟುಂಗದ ತೋಟಗಳಲ್ಲಿ ಹುಲ್ಲಿನ ಮೇಲೆ ನಿಂತು ಅಭ್ಯಾಸ ಮಾಡಿದ. ಆ ಎರಡು ತಿಂಗಳಲ್ಲಿ ಅವನ ಗಾಳಕ್ಕೆ ಒಂದು ಬಲೂನು, ಒಬ್ಬ ಪಾರ್ಸಿ ಮುದುಕರ ಟೋಪಿ, ಅದೇ ಮುದುಕರ ಬೈಗಳು ಸಿಕ್ಕವು. ಒಂದು ಸಂಜೆ ನಮ್ಮ ಚಾಳಿನ ಗ್ಯಾಲರಿಯಲ್ಲಿ ತೋರಿಸಲು ಹೋಗಿ ಪಕ್ಕದ ಕೋಣೆಯ ರುದ್ರವ್ವ ಒಣಹಾಕಿದ್ದ ಸೀರೆಯನ್ನು ಹಿಡಿದ. ಸೀರೆ ಒಳ್ಳೆಯ ತೂಕವಿತ್ತು. ಮಣಿಕಟ್ಟಿನ ಚಲನೆ ಮಾತ್ರ ಸರಿಯಾಗಿತ್ತು ಎಂದು ಅವನು ರುದ್ರವ್ವನಿಗೆ ವಿವರಿಸಿದ.

ಪವಾಯಿ ಕೆರೆಯ ದಡದಲ್ಲಿ ಒಂದು ರಾತ್ರಿ ತಂಗಲು, ಗಾಳ ಹಾಕಲು, ಸಾಹೇಬರ ಯಾರೋ ಸ್ನೇಹಿತರ ಮೂಲಕ ಅವನು ಅನುಮತಿಯ ಚೀಟಿ ತಂದಾಗ ನಾನು ಒಲ್ಲೆನೆಂದು ಹೇಳಬೇಕಿತ್ತು. ನಾನು ಲಿಂಗಾಯತ. ಮೀನು ತಿನ್ನುವುದಿರಲಿ, ಮೀನಿನ ಬುಟ್ಟಿ ಹತ್ತಿದ ಲೋಕಲ್ ಡಬ್ಬಿಯಲ್ಲಿ ಕುಳಿತು ಬಂದ ದಿನ ನನಗೆ ಎರಡು ಸಲ ಸ್ನಾನವಾಗುತ್ತದೆ. ಆದರೆ ಸ್ನೇಹಿತನಿಗೆ ಒಲ್ಲೆನೆನ್ನಲು ಬೇಕಾದ ಎದೆ ನನಗಿಲ್ಲ. ಅವ್ವನಿಗೆ ಹೇಳಿದೆ. ಅಂಬವ್ವ, ಅಂದರೆ ನಮ್ಮ ಅವ್ವ, ಮೂರು ಮಾತು ಹೇಳಿದಳು. ಮೀನು ಮುಟ್ಟಬೇಡ. ಗಾಳ ಮುಟ್ಟಬೇಡ. ಹೋಗುವ ಮೊದಲು ಕೊರಳಿನ ಲಿಂಗದ ದಾರ ಬದಲಾಯಿಸು, ಸವೆದು ಎಳೆ ಎಳೆ ಆಗಿದೆ.

ಮೊದಲಿನ ಎರಡನ್ನೂ ಅಕ್ಷರಶಃ ಪಾಲಿಸಿದೆ. ಮೂರನೆಯದಕ್ಕೆ ಹೊಸ ದಾರ ತಂದೂ ಇಟ್ಟಿದ್ದೆ. ಆದರೆ ಅಂಥ ಕೆಲಸವನ್ನು ಸೋಮವಾರ ಮಾಡುವುದು ಒಳ್ಳೆಯದೆಂದು ಅನ್ನಿಸಿತು. ನಾವು ಹೊರಟದ್ದು ಶನಿವಾರ.

ಅಂಧೇರಿಯಿಂದ ಬಸ್ಸು ಎಲ್ಲಿಯವರೆಗೆ ಹೋಗುತ್ತದೋ ಅಲ್ಲಿಯವರೆಗೆ ಬಸ್ಸು, ಆಮೇಲೆ ಕಾಲು. ಡೇರೆಯನ್ನು ಪರಪ್ಪ ಒದಗಿಸಿದ್ದ. ಅವನ ಗಿರಾಕಿಯೊಬ್ಬ ಮದುವೆ ಮಂಟಪಗಳ ಗುತ್ತಿಗೆದಾರ, ಅವನಲ್ಲಿದ್ದದ್ದು ಮಂಟಪದ ಬಟ್ಟೆಯೇ. ಹೀಗಾಗಿ ಕೆಂಪು ಹಳದಿ ಪಟ್ಟೆ, ಅಂಚಿಗೆ ಝಾಲರು, ಬಾಗಿಲ ಮೇಲೆ ಶುಭ ವಿವಾಹ ಎಂದು ಮರಾಠಿಯಲ್ಲಿ ಹೊಲಿದ ನಮ್ಮ ಶಿಬಿರ ಕಾಡಿನ ನಡುವೆ ಎದ್ದು ನಿಂತಿತು. ಬಸ್ಸಿಳಿದಲ್ಲಿ ಒಬ್ಬ ಪೊಲೀಸಿನವನು ನಮ್ಮನ್ನು ತಡೆದಿದ್ದ. ಪಾನನಿರೋಧ ಬಂದ ಮೇಲೆ ನಾಲ್ಕು ಗಂಡಸರು ಗಂಟುಮೂಟೆ ಹೊತ್ತು ಕೆರೆಯ ಕಡೆ ನಡೆದರೆ ಅದಕ್ಕೆ ಅವನಿಗೆ ಗೊತ್ತಿದ್ದ ಕಾರಣ ಒಂದೇ. ಮೀನು ಹಿಡಿಯಲು ಎಂದು ಸದಾನಂದ ಹೇಳಿದ. ಪೊಲೀಸಿನವನು ಥರ್ಮಾಸಿನ ಮುಚ್ಚಳ ತೆಗೆದು ಮೂಸಿದ, ಕಾಫಿ. ನಮ್ಮ ಬಗ್ಗೆ ಅವನಿಗೆ ನಿರಾಸೆಯಾದದ್ದು ಸ್ಪಷ್ಟವಾಗಿ ಕಂಡಿತು.

ಕೊರಗಪ್ಪ ನನ್ನ ಸಲುವಾಗಿ ಎಲ್ಲ ಅಡುಗೆಯನ್ನೂ ಶಾಕಾಹಾರವಾಗಿಯೇ ತಂದಿದ್ದ. ಒಂದು ಪಾತ್ರೆ ಮಾತ್ರ ಬೇರೆ. ಅದರಲ್ಲಿ ತೆಂಗಿನಕಾಯಿ, ಕೆಂಪು ಮೆಣಸು, ಹುಣಸೆ ಹಾಕಿ ಅರೆದ ಮಸಾಲೆ. ಹಿಡಿಯಲಿರುವ ಮೀನಿಗೆ. ಮೀನು ಬೀಳುವ ತನಕ ಅದೂ ಶುದ್ಧ ಶಾಕಾಹಾರವೇ ಎಂದು ಅವನು ನನಗೆ ಧೈರ್ಯ ಹೇಳಿದ. ನಾನು ಆದರೂ ಆ ಪಾತ್ರೆಯಿಂದ ದೂರ ಮಲಗಿದೆ.

ಶನಿವಾರ ಸಂಜೆ ಬೆಳಕಿರುವವರೆಗೂ ಸದಾನಂದ ಬೀಸಿದ. ಪವಾಯಿಯ ಮೀನುಗಳು ವರ್ಷಗಟ್ಟಲೆ ಗೋಧಿ ಹಿಟ್ಟಿನ ಉಂಡೆ ನುಂಗಿ ಬೆಳೆದವು. ಇಂಗ್ಲೆಂಡಿನ ನೊಣದ ಪರಿಚಯ ಅವಕ್ಕೆ ಯಾರೂ ಮಾಡಿಕೊಟ್ಟಿರಲಿಲ್ಲ. ಒಂದು ದೊಡ್ಡ ಮೀನು ಮೇಲೆ ಬಂದು ನೊಣವನ್ನು ನೋಡಿ ಹಿಂತಿರುಗಿತು. ನೋಡಿತಲ್ಲ, ಅದೇ ಮೊದಲ ಮೆಟ್ಟಿಲು ಎಂದ ಸದಾನಂದ. ಪರಪ್ಪ ಆ ಮೀನಿಗೆ ಮೆಟ್ರಿಕ್ ಆಗಿರಬೇಕು ಎಂದ.

ಭಾನುವಾರ ಬೆಳಿಗ್ಗೆ ನಾನು ದಡದಲ್ಲಿ ಸ್ನಾನ ಮಾಡಿ, ಲಿಂಗಪೂಜೆ ಮುಗಿಸಿ, ಲಿಂಗವಿಟ್ಟ ಬೆಳ್ಳಿಯ ಕರಡಿಗೆಯನ್ನು ಕೊರಳಿಗೆ ಹಾಕಿಕೊಂಡೆ. ಇನ್ನೂ ಅಂಗಿ ಹಾಕಿರಲಿಲ್ಲ. ಕೊರಗಪ್ಪ ಉಪ್ಪಿಟ್ಟು ಇಳಿಸುತ್ತಿದ್ದ. ಅಷ್ಟರಲ್ಲಿ ಸದಾನಂದ ಕೂಗಿದ. ದಾರ ಹಿಂದಕ್ಕೆ ಪೂರ್ತಿ ಚಾಚಿದಾಗ ತನಗೆ ಕಾಣುವುದಿಲ್ಲ, ಯಾರಾದರೂ ಹಿಂದೆ ನಿಂತು ಹೂಂ ಅನ್ನಬೇಕು, ಆಗ ತಾನು ಮುಂದಕ್ಕೆ ಬೀಸುತ್ತೇನೆ. ಪರಪ್ಪ ಕೇಳಿಸದವನಂತೆ ಡೇರೆಯೊಳಗೆ ಹೋದ. ನಾನು ಹೋಗಿ ಎಲ್ಲಿ ನಿಲ್ಲಬೇಕೆಂದು ಕೇಳಿದೆ. ಅವನು ತೋರಿಸಿದ ಜಾಗದಲ್ಲಿಯೇ, ಒಂದು ಹೆಜ್ಜೆ ಆಚೀಚೆ ಇಲ್ಲದೆ, ನಿಂತೆ.

ದಾರ ಹಿಂದಕ್ಕೆ ಬಂತು. ನೊಣ ನನ್ನ ಕೊರಳಿಗೆ ಬಂದು ಕುಳಿತದ್ದು ಗೊತ್ತಾಯಿತು. ಇದು ಸರಿಯಲ್ಲವೆಂದು ಅನ್ನಿಸಿತು. ಆದರೂ ಒಪ್ಪಿಕೊಂಡ ಕೆಲಸವೆಂದು ಹೂಂ ಎಂದೆ.

ಸದಾನಂದ ಮುಂದಕ್ಕೆ ಬೀಸಿದ. ಕೊರಳಲ್ಲಿ ಚುಟ್ ಎಂದಿತು. ಕರಡಿಗೆ ನನ್ನ ತಲೆಯ ಮೇಲಿಂದ, ಅವನ ತಲೆಯ ಮೇಲಿಂದ ಹಾರಿ, ಬಿಸಿಲಿನಲ್ಲಿ ಒಂದು ಸಲ ಮಿಂಚಿ, ನೀರಿನ ಮೇಲೆ ಬಾಗಿದ್ದ ನೇರಳೆ ಮರದ ತುದಿಗೊಂಬೆಗೆ ಹೋಗಿ ಸುತ್ತಿಕೊಂಡಿತು. ಅವನು ಗಾಬರಿಯಿಂದ ಜಗ್ಗಿದ. ನೊಣ ಕಟ್ಟಿದ್ದ ತೆಳುವಾದ ಎಳೆ ಕಡಿದು ಗಾಳ ಬರಿದೇ ಹಿಂದೆ ಬಂತು. ಕರಡಿಗೆ ಅಲ್ಲೇ ತೂಗುತ್ತಿತ್ತು. ನ್ಯಾಯವಾಗಿ ಹೇಳಬೇಕೆಂದರೆ, ಎರಡು ತಿಂಗಳಲ್ಲಿ ಅವನು ಅಷ್ಟು ಚಂದದ ಬೀಸು ಬೀಸಿದ್ದು ಅದೇ ಮೊದಲು.

ಆ ಲಿಂಗ ನಾನು ಹುಟ್ಟಿದ ಕೆಲವೇ ದಿನಕ್ಕೆ ನಮ್ಮೂರ ಮಠದ ಅಯ್ಯನವರು ಕಟ್ಟಿದ್ದು. ನಾನು ಸತ್ತಾಗ ನನ್ನ ಜತೆಗೇ ಮಣ್ಣಿಗೆ ಹೋಗಬೇಕಾದದ್ದು. ಅದು ಮೈಮೇಲೆ ಇಲ್ಲದೆ ಅನ್ನ ಮುಟ್ಟುವಂತಿಲ್ಲ, ನೀರೂ ಇಲ್ಲ. ಲಿಂಗ ಕಳೆದುಕೊಂಡವನು ಬದುಕಿದ್ದೂ ಸತ್ತಂತೆ ಎಂದು ನಂಬಿದವಳು ವಡಾಲದ ಕೋಣೆಯಲ್ಲಿ ನನ್ನ ದಾರಿ ನೋಡುತ್ತಿದ್ದಳು. ಇಷ್ಟು ವರ್ಷ ಅದನ್ನು ನಾನು ಧರಿಸಿದ್ದು ನಂಬಿಕೆಯಿಂದಲೋ, ಅವ್ವನ ಹೆದರಿಕೆಯಿಂದಲೋ, ಬರೀ ರೂಢಿಯಿಂದಲೋ ನನಗೇ ಸರಿಯಾಗಿ ಗೊತ್ತಿರಲಿಲ್ಲ. ಕೈ ಮಾತ್ರ ಮತ್ತೆ ಮತ್ತೆ ಖಾಲಿ ಎದೆಯ ಮೇಲೆ ಹೋಗುತ್ತಿತ್ತು.

ಕೊರಗಪ್ಪ ಪಂಚೆ ಎತ್ತಿ ಕಟ್ಟಿ ಮರ ಹತ್ತಿದ. ಅರ್ಧಕ್ಕೆ ಹೋಗುವಷ್ಟರಲ್ಲಿ ಕೊಂಬೆ ಬಾಗಿ ಕಿರುಗುಟ್ಟಿತು. ಅಲ್ಲಾಡಿಸಿ ಬೀಳಿಸೋಣವೆಂದರೆ ಕೆಳಗೆ ನೀರು, ನೀರಿನಲ್ಲಿ ಒಂದು ಮರದ ದಿಮ್ಮಿ. ದಿಮ್ಮಿಯ ಮೇಲೆ ಬಿದ್ದರೆ ಎತ್ತಿಕೊಳ್ಳಬಹುದೆಂದು ಪರಪ್ಪ ದಡದಿಂದ ಸಲಹೆ ಕೊಟ್ಟ. ದಿಮ್ಮಿ ಆಕಳಿಸಿತು. ಕೊರಗಪ್ಪ ಹತ್ತಿದ್ದಕ್ಕಿಂತ ಬೇಗ ಇಳಿದ.

ಪರಪ್ಪನೂ ಲಿಂಗಾಯತನೇ. ಆದರೆ ಅವನ ಲಿಂಗ ಎಂದೂ ಕಳೆಯುವುದಿಲ್ಲ, ಏಕೆಂದರೆ ಅದು ಅಂಗಡಿಯ ತಿಜೋರಿಯಲ್ಲಿ ಭದ್ರವಾಗಿರುತ್ತದೆ. ಅವನು ನನ್ನನ್ನು ಪಕ್ಕಕ್ಕೆ ಕರೆದ.

"ಲೇ ಶಂಕ್ರ್ಯಾ, ಅಳೂ ಮಾರಿ ಮಾಡಬ್ಯಾಡ. ನಾಳೆ ಯಾರರೆ ಅಯ್ಯನವರನ್ನ ಹಿಡದು ಹೊಸಾದು ಕಟ್ಟಿಸ್ಕೊ. ಕರಡಗಿ ನಾ ಕೊಡಸ್ತೇನಿ. ನಿಮ್ಮವ್ವಗೇನು ಒಳಗ ಇಣುಕಿ ನೋಡಾಕ ಬರ್ತದೇನು?"

"ನನಗ ಗೊತ್ತಿರ್ತದಲ್ಲೋ," ಎಂದೆ.

"ನಿನಗ ಗೊತ್ತಿದ್ದದ್ದನ್ನ ಯಾರು ಕೇಳ್ತಾರ?"

ನಾನು ಹೋಗಿ ನೇರಳೆ ಮರದ ಎದುರು ಕುಳಿತೆ. ಲಿಂಗ ಸಿಗುವ ತನಕ ಏಳುವುದಿಲ್ಲ ಎಂದು ಘೋಷಿಸಲಿಲ್ಲ. ಘೋಷಿಸಿ ಆಮೇಲೆ ಎದ್ದರೆ ಏನು ಗತಿ ಎಂಬ ಯೋಚನೆ. ಸುಮ್ಮನೆ ಕುಳಿತೆ.

ಉಪ್ಪಿಟ್ಟು ಆರಿತು. ಪರಪ್ಪ ತಟ್ಟೆ ಹಿಡಿದು ಒಲೆಯ ಬಳಿ ಹೋದಾಗ ಕೊರಗಪ್ಪ ಪಾತ್ರೆಯ ಮೇಲೆ ಮುಚ್ಚಳ ಹಾಕಿದ. ದಿನವಿಡೀ ಗುರುತು ಪರಿಚಯವಿಲ್ಲದವರಿಗೆ ಬಡಿಸುವುದು ತನ್ನ ಹೊಟ್ಟೆಪಾಡು, ಇಲ್ಲಿ ಒಬ್ಬರು ನೀರು ಸಹ ಮುಟ್ಟದೆ ಕೂತಿರುವಾಗ ತನ್ನ ಕೈ ಏಳುವುದಿಲ್ಲ ಎಂದ. ಪರಪ್ಪ ಬಹಳ ಹೊತ್ತು ಧರ್ಮದ ಸೂಕ್ಷ್ಮಗಳನ್ನು ಚರ್ಚಿಸಿದ. ಮುಚ್ಚಳ ಏಳಲಿಲ್ಲ. ಹೀಗೆ ನನ್ನೊಬ್ಬನ ಉಪವಾಸ ಸಾರ್ವಜನಿಕವಾಯಿತು. ಪರಪ್ಪನಿಗೆ ನನ್ನ ಲಿಂಗದ ಮೇಲೆ ಅಂದು ಇದ್ದಷ್ಟು ಕಾಳಜಿ ತನ್ನದರ ಮೇಲೂ ಎಂದೂ ಇರಲಿಲ್ಲ.

ಉಳಿದ ದಾರಿ ಒಂದೇ. ಎಲ್ಲರೂ ಸದಾನಂದನನ್ನು ನೋಡಿದೆವು.

ಅವನು ತಗಡಿನ ಡಬ್ಬಿ ತೆರೆದ. ಎರಡು ತಿಂಗಳು ಅವನು ಒಂದೇ ನೊಣವನ್ನು ಬಳಸಿದ್ದ, ಉಳಿದವನ್ನು ಮುಟ್ಟಲು ಯಾರನ್ನೂ ಬಿಟ್ಟಿರಲಿಲ್ಲ. ಪ್ರತಿಯೊಂದಕ್ಕೂ ಸಾಹೇಬರು ಹೇಳಿಕೊಟ್ಟ ಒಂದು ಇಂಗ್ಲಿಷ್ ಹೆಸರಿತ್ತು, ಆ ಹೆಸರುಗಳನ್ನು ಅವನು ರೈಲಿನಲ್ಲಿ ಬಾಯಿಪಾಠ ಮಾಡಿದ್ದ. ಒಂದನ್ನು ಕಟ್ಟಿ ನೇರಳೆಯ ಕಡೆ ಬೀಸಿದ. ಅದು ಎಲೆಗೆ ಸಿಕ್ಕಿತು. ಜಗ್ಗಿದ, ಕಡಿಯಿತು. ಇನ್ನೊಂದು ಕಟ್ಟಿದ, ಅದು ಬೇರೆ ಕೊಂಬೆಗೆ. ಈ ಸಲ ಅವನ ಹಿಂದೆ ಯಾರೂ ನಿಂತಿರಲಿಲ್ಲ, ಹೂಂ ಅನ್ನುವವರೂ ಇರಲಿಲ್ಲ. ಬಿಸಿಲು ಏರಿತು. ನೇರಳೆ ಮರ ನೀಲಿ, ಕಂದು, ಚಿನ್ನದ ಬಣ್ಣದ ನೊಣಗಳಿಂದ ತುಂಬಿ, ನಮ್ಮ ಮಂಟಪಕ್ಕೆ ಹೊಂದುವಂತೆ ಸಿಂಗಾರವಾಯಿತು. ಪ್ರತಿ ಸಲವೂ ಸಾಹೇಬರ ಪಾಠ ಗೊಣಗುತ್ತ ಮಣಿಕಟ್ಟು ತಿರುಗಿಸುತ್ತಿದ್ದ. ಪ್ರತಿ ಸಲವೂ ಒಂದು ಇಂಗ್ಲಿಷ್ ಹೆಸರು ಕಡಿಮೆಯಾಗುತ್ತಿತ್ತು. ನಾನು ಸಾಕು ಎಂದೆ. ಅವನು ನನ್ನ ಕಡೆ ತಿರುಗಲೂ ಇಲ್ಲ.

ಕೊನೆಗೆ ಡಬ್ಬಿಯಲ್ಲಿ ಹಸಿರು ಬಟ್ಟೆ ಮತ್ತು ಒಂದೇ ನೊಣ ಉಳಿಯಿತು. ಅದನ್ನು ಅವನು ಎರಡೆರಡು ಗಂಟು ಹಾಕಿ ಕಟ್ಟಿದ. ಈ ಸಲ ಗೊಣಗಲಿಲ್ಲ. ಹುಡುಗರು ಮಾವಿನಕಾಯಿಗೆ ಕಲ್ಲು ಬೀರುವ ಹಾಗೆ, ಹಲ್ಲು ಕಚ್ಚಿ, ಕಲೆಯ ಹಂಗಿಲ್ಲದೆ ಬೀಸಿದ. ನೊಣ ಕರಡಿಗೆಯ ದಾರದ ಮೇಲೆ ಬಿದ್ದು ಕಚ್ಚಿತು.

ಅವನು ಮೆಲ್ಲಗೆ ಎಳೆದ. ಕೊಂಬೆ ಬಾಗಿತು, ಬಾಗಿತು, ಒಮ್ಮೆಲೇ ಬಿಟ್ಟುಕೊಟ್ಟಿತು. ಕರಡಿಗೆ ನೀರಿನ ಮೇಲೆ ಜಿಗಿಯುತ್ತ ದಡದ ಕಡೆ ಹೊರಟಿತು. ದಿಮ್ಮಿಯೂ ಹೊರಟಿತು. ಸದಾನಂದ ಹುಚ್ಚನಂತೆ ರೀಲು ಸುತ್ತಿದ. ಆಗ, ಇಡೀ ಮುಂಬಯಿಯನ್ನೇ ಬರೆದುಕೊಟ್ಟರೂ ಆ ನೀರಿಗೆ ಇಳಿಯುವುದಿಲ್ಲವೆಂದಿದ್ದ ಕೊರಗಪ್ಪ ಕೈಬಲೆ ಹಿಡಿದು ಮೊಣಕಾಲು ನೀರಿಗೆ ನುಗ್ಗಿ, ಕರಡಿಗೆಯನ್ನು ಬಲೆಯಲ್ಲಿ ಎತ್ತಿ, ಹಿಂದೆ ನೋಡದೆ ಓಡಿ ಬಂದ. ದಿಮ್ಮಿ ಬೇಸರದಿಂದ ಹಿಂತಿರುಗಿತು.

ಕೊರಗಪ್ಪ ಬಲೆಯನ್ನು ನನ್ನ ಮುಂದೆ ಹಿಡಿದ. "ನಾನು ಮುಟ್ಟಲಿಲ್ಲ ಮಾರಾಯ್ರೆ. ನೀವೇ ತೆಕ್ಕೊಳ್ಳಿ."

ತೆರೆದು ನೋಡಿದೆ. ಲಿಂಗ ಒಳಗೆ ಹಾಗೆಯೇ ಇತ್ತು. ನನ್ನ ಕಣ್ಣಲ್ಲಿ ನೀರು ಬಂತು. ಅದರಿಂದ ನಂಬಿಕೆಯೋ ರೂಢಿಯೋ ಎಂಬ ಬೆಳಗಿನ ಪ್ರಶ್ನೆಗೆ ಉತ್ತರ ಸಿಕ್ಕಿತೋ ಇಲ್ಲವೋ, ಈಗಲೂ ಖಾತ್ರಿಯಾಗಿ ಹೇಳಲಾರೆ.

ಮತ್ತೆ ಸ್ನಾನವಾಯಿತು, ಮತ್ತೆ ಪೂಜೆಯಾಯಿತು. ಆದರೆ ಕೊರಳಿಗೆ ಕಟ್ಟಲು ದಾರವಿರಲಿಲ್ಲ. ಹಳೆಯದು ತುಂಡು ತುಂಡಾಗಿತ್ತು. ಮಂಟಪದ ಹಗ್ಗ ಕರಡಿಗೆಯ ಬಳೆಯಲ್ಲಿ ಹೋಗಲಿಲ್ಲ. ಸದಾನಂದ ಕೊರಗಪ್ಪನ ಚೂರಿ ತೆಗೆದುಕೊಂಡು, ತನ್ನ ಗಾಳದ ರೇಷ್ಮೆ ದಾರದಿಂದ ಎರಡು ಮೊಳ ಕತ್ತರಿಸಿ ನನ್ನ ಕೈಗಿತ್ತ. ನನಗೆ ಸಂಕೋಚವಾಯಿತು, ಅವನ ನಷ್ಟಕ್ಕಾಗಿ ಮಾತ್ರವಲ್ಲ. ಮೀನು ಹಿಡಿಯುವ ದಾರವನ್ನು ಲಿಂಗಕ್ಕೆ ಕಟ್ಟುವುದೆ? ಆಮೇಲೆ ಯೋಚಿಸಿದೆ. ಸಾಹೇಬರು ಹೊಸದಾಗಿ ತರಿಸಿ ಬಿಚ್ಚದೆಯೇ ಕೊಟ್ಟ ದಾರ. ಅಂದಿನಿಂದ ಅದು ಸದಾನಂದನ ಕೈಯಲ್ಲಿತ್ತು. ಇದನ್ನು ಇಂದಿನವರೆಗೆ ಒಂದು ಮೀನೂ ಮುಟ್ಟಿಲ್ಲ. ಆ ವಿಷಯದಲ್ಲಿ ಅವನ ಕೈಚಳಕವನ್ನು ಕಣ್ಣು ಮುಚ್ಚಿ ನಂಬಬಹುದಿತ್ತು. ಕಟ್ಟಿಕೊಂಡೆ. ಕೊರಗಪ್ಪ ಮೀನಿನ ಮಸಾಲೆಗೆ ಬಟಾಟೆ ಹಾಕಿ ಕುದಿಸಿದ. ನಾಲ್ವರೂ ಪಾತ್ರೆಯ ತಳ ಕಾಣುವ ತನಕ ತಿಂದೆವು.

ಹೊಟ್ಟೆ ತುಂಬಿದ್ದೇ ಸದಾನಂದನಿಗೆ ಗೆಲುವು ಮರಳಿತು. ಅಂಧೇರಿ ಸ್ಟೇಷನ್ನಿನಲ್ಲಿ ಒಬ್ಬರು ಆ ಕೋಲನ್ನು ನೋಡಿ ಏನಾದರೂ ಸಿಕ್ಕಿತೇ ಎಂದು ಕೇಳಿದರು. ಒಂದು ಸಿಕ್ಕಿತು, ಬಿಟ್ಟುಬಿಟ್ಟೆ ಎಂದ ಸದಾನಂದ. ಸಾಂತಾಕ್ರೂಜ್ ದಾಟುವಾಗ ಆ ಮೀನು ಮೊಳದುದ್ದ ಇತ್ತು. ಬಾಂದ್ರಾದಲ್ಲಿ ಅದು ಸದಾನಂದನ ಜತೆ ಅರ್ಧ ಗಂಟೆ ಹೋರಾಡಿತು. ದಾದರಿನಲ್ಲಿ ಇಳಿಯುವಾಗ ಅದನ್ನು ಒಬ್ಬನೇ ಎತ್ತುವುದು ಸಾಧ್ಯವಿರಲಿಲ್ಲ. ಪರಪ್ಪ ಕೇಳಿ ಕೇಳಿ ನಕ್ಕ. ನಾನು ನಗಲಿಲ್ಲ. ಆ ಮೀನು ಬೆಳೆದಷ್ಟೂ ಕೊರಳಿನ ದಾರ ಬಿಗಿಯುತ್ತಿತ್ತು. ಮಾಟುಂಗದಲ್ಲಿ, ವಡಾಲದಲ್ಲಿ ಎಲ್ಲರಿಗೂ ಆ ದಾರದಲ್ಲಿ ಮೀನು ಸಿಕ್ಕಿತ್ತು ಎಂದು ಗೊತ್ತಾದರೆ, ನಾನು ಅವ್ವನಿಗೆ ಏನು ಹೇಳಲಿ? ಸುಳ್ಳು ಮೀನೆಂದು ನಾಲ್ಕು ಜನರ ಮುಂದೆ ಹೇಳಿದರೆ, ನನಗಾಗಿ ಡಬ್ಬಿ ಬರಿದು ಮಾಡಿದವನ ಮಾನ ತೆಗೆದಂತೆ. ಸುಮ್ಮನಿದ್ದರೆ ಅವ್ವನ ಪಾಲಿಗೆ ನನ್ನ ಲಿಂಗ ಮೀನಿನ ದಾರದಲ್ಲಿ.

ಚಹಾಕ್ಕೆಂದು ಎಲ್ಲರೂ ನಮ್ಮ ಚಾಳಿಗೇ ಬಂದರು. ಮೆಟ್ಟಿಲು ಹತ್ತುವಷ್ಟರಲ್ಲಿ ಗ್ಯಾಲರಿಯಲ್ಲಿ ರುದ್ರವ್ವ, ಅವಳ ಗಂಡ, ಇನ್ನೂ ಕೆಲವರು ಸದಾನಂದನನ್ನು ಸುತ್ತುವರಿದರು. ಸೀರೆಯ ಪ್ರಸಂಗವಾದ ಮೇಲೆ ಈ ಯಾತ್ರೆಯ ಫಲ ತಿಳಿಯಲು ಅವರೆಲ್ಲ ಕಾದಿದ್ದರು. ನಾನು ಒಳಗೆ ಹೋದೆ. ಅವ್ವ ನನ್ನ ಮುಖ ನೋಡಲಿಲ್ಲ, ಮೊದಲು ಕೊರಳಿಗೆ ಕೈ ಹಾಕಿದಳು.

"ಇದ್ಯಾವ ದಾರೋ ಯಪ್ಪಾ?"

ಹಳೆಯದು ಕೆರೆಯ ದಡದಲ್ಲಿ ಹರಿಯಿತು, ಸದಾನಂದ ತನ್ನ ಗಾಳದ ದಾರ ಕತ್ತರಿಸಿ ಕೊಟ್ಟ ಎಂದೆ. ಹರಿದ ಮೇಲೆ ಲಿಂಗ ಎಲ್ಲಿಗೆ ಹೋಗಿತ್ತು ಎಂದು ಅವಳು ಕೇಳಲಿಲ್ಲ. ಕೇಳದ ಪ್ರಶ್ನೆಗೆ ಉತ್ತರ ಬರೆಯುವುದನ್ನು ರಾತ್ರಿ ಶಾಲೆಯಲ್ಲಿ ಕಲಿಸಿರಲಿಲ್ಲ. ಅವಳಿಗೆ ಬೇಕಾದದ್ದು ಬೇರೆಯೇ. ಇದಕ್ಕೆ ಮೀನು ಹತ್ತಿತ್ತೇ? ಇಲ್ಲವೆಂದೆ. ನನ್ನ ಮಾತು ಅವಳಿಗೆ ಸಾಲಲಿಲ್ಲ. ನಾನು ಯಾರಿಗೂ ನೋವಾಗಬಾರದೆಂದು ಮಾತಾಡುವವನು ಎಂದು ಅವಳಿಗೆ ಮೊದಲಿನಿಂದ ಗೊತ್ತು. ಕೈಯಲ್ಲಿ ದಾರ ಹಿಡಿದಂತೆಯೇ ನನ್ನನ್ನು ಬಾಗಿಲಿಗೆ ಎಳೆದುಕೊಂಡು ಬಂದಳು.

ಹೊರಗೆ ಸದಾನಂದ ಎರಡೂ ಕೈ ಅಗಲಿಸಿ ನಿಂತಿದ್ದ. ಗ್ಯಾಲರಿ ಕಿರಿದಾದ್ದರಿಂದ ಮೀನಿನ ಬಾಲ ರುದ್ರವ್ವನ ಬಾಗಿಲೊಳಗೆ ಹೋಗಿತ್ತು.

"ತಮ್ಮಾ ಸದಾನಂದಾ," ಎಂದಳು ಅವ್ವ, "ಖರೇ ಹೇಳು. ಈ ದಾರಕ್ಕ ಮೀನ ಸಿಕ್ಕೈತೇನು?"

ಸದಾನಂದ ಅವ್ವನ ಬೆರಳುಗಳನ್ನು ನೋಡಿದ, ದಾರವನ್ನು ನೋಡಿದ, ನನ್ನನ್ನು ನೋಡಿದ. ಅಗಲಿಸಿದ ಕೈಗಳು ಸ್ವಲ್ಪ ಹೊತ್ತು ಗಾಳಿಯಲ್ಲೇ ಇದ್ದವು. ಆಮೇಲೆ ಕೆಳಗೆ ಬಂದವು.

"ಇಲ್ಲ ಅಮ್ಮ. ಒಂದೂ ಸಿಗಲಿಲ್ಲ."

"ಒಂದೂ?"

"ಒಂದೂ ಇಲ್ಲ. ನನಗೆ ಅದು ಬರುವುದೇ ಇಲ್ಲ."

ರುದ್ರವ್ವ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಅವಳ ಗಂಡ ಮುಚ್ಚಿಕೊಳ್ಳಲಿಲ್ಲ. ಪರಪ್ಪ ಒಂದು ಮಾತು ಸಿದ್ಧಮಾಡಿಕೊಂಡಿದ್ದ. ಕೊರಗಪ್ಪ ಅವನ ಕಾಲು ತುಳಿದ.

ಅವ್ವ ಮಾತ್ರ ನಗಲಿಲ್ಲ. ದಾರವನ್ನು ಎರಡು ಬೆರಳಲ್ಲಿ ಹೊಸೆದು ನೋಡಿ, ಎಳೆದು ನೋಡಿ, ಹಾಗಾದರೆ ಇದು ಒಳ್ಳೆಯ ದಾರವೇ ಎಂದಳು. ಒಳಗೆ ಹೋಗಿ ಸದಾನಂದನಿಗೆ ಚಹಾ ತಂದಳು, ಮೊದಲು ಅವನಿಗೆ. ಅವನು ಕಪ್ಪಿನಿಂದ ಬಸಿಗೆ ಹುಯ್ದುಕೊಂಡು ಕುಡಿಯುವಾಗ ಪಕ್ಕದಲ್ಲಿ ಕುಳಿತು, ತನ್ನ ದಾರವೂ ಸವೆದಿದೆ, ಇನ್ನೆರಡು ಮೊಳ ಉಳಿದಿದೆಯೇ ಎಂದು ಕೇಳಿದಳು.

ಉಳಿದಿತ್ತು. ಮುಂದಿನ ಸೋಮವಾರ ರುದ್ರವ್ವನೂ ಕೇಳಿದಳು, ಅವಳಿಂದ ತಿಳಿದು ಕೆಳಗಿನ ಮಾಳಿಗೆಯ ಮುರಿಗೆಪ್ಪನವರೂ ಕೇಳಿದರು. ಸದಾನಂದ ಕತ್ತರಿಸಿ ಕೊಟ್ಟ. ಕೊಡುವಾಗ ಪ್ರತಿಯೊಬ್ಬರೂ ಮೀನು ಸಿಕ್ಕಿರಲಿಲ್ಲವಷ್ಟೇ ಎಂದು ಕೇಳುತ್ತಿದ್ದರು, ಅವನು ಪ್ರತಿಯೊಬ್ಬರಿಗೂ ಇಲ್ಲವೆಂದು ಹೇಳುತ್ತಿದ್ದ. ರೀಲಿನಲ್ಲಿ ಈಗ ಸ್ವಲ್ಪವೇ ಉಳಿದಿದೆ. ಅದನ್ನು ಅವನು ನೀರಿಗೆ ಇಳಿಸುವುದಿಲ್ಲ. ಯಾರಿಗಾದರೂ ಬೇಕಾದೀತು ಎನ್ನುತ್ತಾನೆ.